ಎಸ್‌ಎಸ್‌ಡಿ ಬೂಟ್ ದೋಷ: ಕಾರಣ, ಪತ್ತೆ, ಪರಿಹಾರ

ಹೊಸದಾಗಿ ಅಳವಡಿಸಿದ ಎಸ್‌ಎಸ್‌ಡಿ ಕಂಪ್ಯೂಟರಿನ ಬೂಟ್ ಪಟ್ಟಿಯಲ್ಲಿ ಕಾಣಿಸದಿರುವುದನ್ನು, ಇಲ್ಲವೇ ಕಾಣಿಸಿದರೂ ಅದರಿಂದ ಆಪರೇಟಿಂಗ್ ಸಿಸ್ಟಂ ಆರಂಭವಾಗದಿರುವುದನ್ನು ಎಸ್‌ಎಸ್‌ಡಿ ಬೂಟ್ ದೋಷ ಎನ್ನಬಹುದು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ, ಇರುವ ಡಿಸ್ಕಿನ ಜೊತೆಗೆ ಇನ್ನೊಂದನ್ನು ಸೇರಿಸಿದಾಗ, ಒಂದರ ನಕಲನ್ನು ಇನ್ನೊಂದಕ್ಕೆ ಇಳಿಸಿದಾಗ ಈ ತೊಡಕು ಎದುರಾಗುತ್ತದೆ. ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’, ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’, ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬಂಥ ಸಂದೇಶಗಳು ಬರುತ್ತವೆ. ಕೆಲವೊಮ್ಮೆ ಸಂದೇಶವೇ ಇಲ್ಲದೆ ಯಂತ್ರ ನೇರವಾಗಿ ಸೆಟಪ್ ಪರದೆಗೆ ಹೋಗಿ ನಿಲ್ಲುತ್ತದೆ.

ಡ್ರೈವ್ ಕೆಟ್ಟಿದೆ ಎಂದು ತಿಳಿದು ಅಂಗಡಿಗೆ ಮರಳಿಸುವುದು, ಅಥವಾ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವುದು ಬಳಕೆದಾರರಿಗೆ ಸಹಜವಾಗಿ ತೋಚುವ ದಾರಿ. ಆದರೆ ಡ್ರೈವ್ ಪೂರ್ತಿ ಸರಿಯಾಗಿದ್ದೂ ಈ ದೋಷ ಬರಬಹುದು. ಯಂತ್ರಕ್ಕೆ ಡ್ರೈವ್ ಕಾಣುವುದು ಒಂದು ಹಂತ, ಅದರಿಂದ ಬೂಟ್ ಆಗುವುದು ಇನ್ನೊಂದು ಹಂತ. ಇವೆರಡನ್ನೂ ಬೇರೆಬೇರೆಯಾಗಿ ನೋಡುವುದೇ ಈ ದೋಷದ ಪತ್ತೆಗೆ ಮೂಲಸೂತ್ರ.

ಬೂಟ್ ಆಗುವ ಸರಪಣಿ

ಕಂಪ್ಯೂಟರಿಗೆ ವಿದ್ಯುತ್ ಹರಿದ ಕೂಡಲೇ ಪ್ರೊಸೆಸರ್ ಮೊದಲು ಓದುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಉಳಿದಿರುವ ಫರ್ಮ್‌ವೇರನ್ನು. ಡಿಸ್ಕಿನ ಸರದಿ ಆಮೇಲೆ. ಫರ್ಮ್‌ವೇರ್ ಮೆಮೊರಿಯನ್ನೂ ಜೋಡಿಸಿರುವ ಸಾಧನಗಳನ್ನೂ ಎಚ್ಚರಿಸಿ, ಸಂಗ್ರಹ ಸಾಧನಗಳನ್ನು ಹುಡುಕಿ, ಅವುಗಳಲ್ಲೊಂದರಿಂದ ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶವನ್ನು ಮೆಮೊರಿಗೆ ತರುತ್ತದೆ. ಬೂಟ್‌ಲೋಡರ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲನ್ನೂ ಆರಂಭಕ್ಕೆ ಬೇಕಾದ ಡ್ರೈವರುಗಳನ್ನೂ ಎತ್ತಿಕೊಳ್ಳುತ್ತದೆ. ಕರ್ನಲ್ ತನ್ನದೇ ಡ್ರೈವರಿನ ಮೂಲಕ ಅದೇ ಡಿಸ್ಕನ್ನು ಮತ್ತೊಮ್ಮೆ ತೆರೆದು ಉಳಿದ ಕೆಲಸ ಮುಂದುವರಿಸುತ್ತದೆ.

ಹೀಗೆ ಡ್ರೈವಿಗೆ ನಾಲ್ಕು ಪರೀಕ್ಷೆಗಳಿವೆ. ವಿದ್ಯುತ್ ಮತ್ತು ಸಂಪರ್ಕ ಸರಿಯಿರಬೇಕು. ಫರ್ಮ್‌ವೇರಿಗೆ ಆ ಬಗೆಯ ಡ್ರೈವಿನೊಡನೆ ಮಾತಾಡಲು ಬರಬೇಕು. ಡ್ರೈವಿನಲ್ಲಿ ಆ ಫರ್ಮ್‌ವೇರ್ ಒಪ್ಪುವ ರೀತಿಯ ಬೂಟ್‌ಲೋಡರ್ ಇರಬೇಕು. ಕೊನೆಗೆ ಆಪರೇಟಿಂಗ್ ಸಿಸ್ಟಮಿನಲ್ಲಿ ಆ ಡ್ರೈವಿಗೆ ಹೊಂದುವ ಡ್ರೈವರ್ ಇರಬೇಕು. ನಾಲ್ಕರಲ್ಲಿ ಯಾವುದು ತಪ್ಪಿದರೂ ಬಳಕೆದಾರರ ಕಣ್ಣಿಗೆ ಬೀಳುವ ಫಲ ಒಂದೇ, ಯಂತ್ರ ಏಳುವುದಿಲ್ಲ. ಪರಿಹಾರಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು.

ಬಯೋಸ್‌ನಿಂದ ಯುಇಎಫ್‌ಐಗೆ

ಈ ದೋಷದ ಬಹುಪಾಲು ಗೊಂದಲ ಎರಡು ಕಾಲದ ಪದ್ಧತಿಗಳು ಒಂದೇ ಯಂತ್ರದಲ್ಲಿ ಸೇರಿಕೊಂಡಿರುವುದರಿಂದ ಹುಟ್ಟಿದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಫರ್ಮ್‌ವೇರಿಗೆ ಬಯೋಸ್ ಎಂಬ ಹೆಸರಿತ್ತು. 1983ರಲ್ಲಿ ಹಾರ್ಡ್‌ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಮತ್ತು ಪಿಸಿ ಡಾಸ್ 2.0 ಬಂದಾಗ, ಡಿಸ್ಕಿನ ಮೊದಲ ಸೆಕ್ಟರನ್ನು ಎಂಬಿಆರ್ ಎಂದು ಮೀಸಲಿಡುವ ಪದ್ಧತಿ ಜಾರಿಗೆ ಬಂತು. ಆ ಸೆಕ್ಟರಿನ ಅಳತೆ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಸಂಕೇತಕ್ಕೆ, ತಲಾ 16 ಬೈಟಿನಂತೆ 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ 2 ಬೈಟ್ ಗುರುತಿನ ಮುದ್ರೆಗೆ. ಬಯೋಸ್ ಆ ಮುದ್ರೆಯನ್ನು ಕಂಡರೆ ಸಂಕೇತವನ್ನು ಮೆಮೊರಿಗೆ ತಂದು ನಡೆಸುತ್ತದೆ. ಒಳಗೆ ಏನಿದೆ ಎಂದು ಅದು ವಿಚಾರಿಸುವುದಿಲ್ಲ. ಆದ್ದರಿಂದ ಹಳೆಯ ಪದ್ಧತಿಯಲ್ಲಿ ಬೂಟ್ ಪಟ್ಟಿ ಎಂದರೆ ಡಿಸ್ಕುಗಳ ಪಟ್ಟಿಯೇ. ಖಾಲಿ ಡಿಸ್ಕಿನ ಹೆಸರೂ ಅದರಲ್ಲಿ ಬರುತ್ತದೆ.

ಎಂಬಿಆರ್ ಸೆಕ್ಟರುಗಳ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. 512 ಬೈಟಿನ ಸೆಕ್ಟರಿನ ಲೆಕ್ಕದಲ್ಲಿ ಅದು ತಲುಪಬಲ್ಲ ಗಡಿ ಸುಮಾರು 2.2 ಲಕ್ಷ ಕೋಟಿ ಬೈಟ್, ಎಂದರೆ ಸುಮಾರು 2.2 ಟಿಬಿ. ಡಿಸ್ಕುಗಳು ಈ ಗಡಿ ದಾಟುವ ಹೊತ್ತಿಗೆ ಬೇರೆ ಪದ್ಧತಿ ಅನಿವಾರ್ಯವಾಯಿತು. ಇಂಟೆಲ್ ತನ್ನ ಇಟಾನಿಯಂ ಪ್ರೊಸೆಸರಿಗಾಗಿ ರೂಪಿಸಿದ್ದ ಇಎಫ್‌ಐ ಎಂಬ ಫರ್ಮ್‌ವೇರ್ ವಿನ್ಯಾಸವನ್ನು 2005ರಲ್ಲಿ ಹಲವು ಕಂಪನಿಗಳು ಸೇರಿ ಕಟ್ಟಿದ ವೇದಿಕೆಯೊಂದು ವಹಿಸಿಕೊಂಡಿತು. ಆ ವಿನ್ಯಾಸವೇ ಯುಇಎಫ್‌ಐ. ಅದರ ಜೊತೆಯ ಪಾರ್ಟಿಷನ್ ಪದ್ಧತಿಯಾದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗವಿದೆ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ, ಪಟ್ಟಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿಯೂ ಇರುತ್ತದೆ.

ಯುಇಎಫ್‌ಐ ಡಿಸ್ಕಿನ ಮೊದಲ ಸೆಕ್ಟರಿನ ಸಂಕೇತವನ್ನು ನಡೆಸುವುದಿಲ್ಲ. ಅದು ಫ್ಯಾಟ್ ಕಡತ ವ್ಯವಸ್ಥೆಯಲ್ಲಿರುವ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಚಿಕ್ಕ ವಿಭಾಗವನ್ನು ತೆರೆದು, ಅದರೊಳಗಿನ ಬೂಟ್‌ಲೋಡರ್ ಕಡತವನ್ನು ಹೆಸರು ಹಿಡಿದು ಕರೆಯುತ್ತದೆ. ಯಾವ ಡಿಸ್ಕಿನ ಯಾವ ವಿಭಾಗದಲ್ಲಿ ಯಾವ ಕಡತ ಎಂಬ ವಿಳಾಸ ಮದರ್‌ಬೋರ್ಡಿನ ಅಳಿಯದ ಮೆಮೊರಿಯಲ್ಲಿ ದಾಖಲಾಗಿರುತ್ತದೆ. ಹಾಗಾಗಿ ಯುಇಎಫ್‌ಐ ಯಂತ್ರದ ಬೂಟ್ ಪಟ್ಟಿಯಲ್ಲಿರುವುದು ಮುಖ್ಯವಾಗಿ ಬೂಟ್‌ಲೋಡರುಗಳ ವಿಳಾಸಗಳು. ವಿಂಡೋಸ್ ಇರುವ ಡ್ರೈವು ತನ್ನ ಕಂಪನಿಯ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಹೆಸರಿನಿಂದ ಅಲ್ಲಿ ಕಾಣುವುದಕ್ಕೆ ಇದೇ ಕಾರಣ. ಬಡಾವಣೆಯಲ್ಲಿ ಖಾಲಿ ನಿವೇಶನ ಇದ್ದ ಮಾತ್ರಕ್ಕೆ ಅಂಚೆಯವರ ಬಳಿ ಅದರ ವಿಳಾಸ ಇರುವುದಿಲ್ಲ; ಮನೆ ಕಟ್ಟಿ ಬಾಗಿಲಿಗೆ ಸಂಖ್ಯೆ ಹಾಕಿದ ಮೇಲೆ ಪತ್ರ ಬರತೊಡಗುತ್ತದೆ. ಹೊಚ್ಚ ಹೊಸ ಎಸ್‌ಎಸ್‌ಡಿಯೂ ಹಾಗೆಯೇ. ಅದರಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲದಿರುವಾಗ ಬೂಟ್ ಪಟ್ಟಿಯಲ್ಲಿ ಅದು ಕಾಣದಿರುವುದು ದೋಷವೇ ಅಲ್ಲ. ಯುಎಸ್‌ಬಿಯಿಂದ ಆಪರೇಟಿಂಗ್ ಸಿಸ್ಟಂ ಅನುಸ್ಥಾಪಿಸಿದರೆ ಪಟ್ಟಿಗೆ ಅದರ ಹೆಸರು ತಾನಾಗಿ ಸೇರುತ್ತದೆ.

ಎರಡು ಪದ್ಧತಿಗಳ ನಡುವಣ ಸೇತುವೆಯಾಗಿ ಬಹುಕಾಲ ಮದರ್‌ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಹೊಂದಾಣಿಕೆ ಘಟಕ ಇತ್ತು. ಅದನ್ನು ಚಾಲೂ ಮಾಡಿದರೆ ಯುಇಎಫ್‌ಐ ಹಳೆಯ ಬಯೋಸಿನಂತೆ ವರ್ತಿಸುತ್ತದೆ. 2020ರ ಹೊತ್ತಿಗೆ ಈ ಘಟಕವನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಪ್ರಕಟಿಸಿತು. 2021ರಲ್ಲಿ ಬಂದ ವಿಂಡೋಸ್ 11 ಯುಇಎಫ್‌ಐಯನ್ನೂ ಸೆಕ್ಯೂರ್ ಬೂಟ್ ಸಾಮರ್ಥ್ಯವನ್ನೂ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಅಗತ್ಯವೆಂದು ಸಾರಿತು. ಹಳೆಯ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ನಡೆದ ಡಿಸ್ಕಿನ ನಕಲನ್ನು ಹೊಸ ಯಂತ್ರಕ್ಕೆ ತಂದಾಗ ಅದು ಏಳದಿರುವುದರ ಹಿಂದೆ ಈ ಸ್ಥಿತ್ಯಂತರವಿದೆ.

ಸಂಪರ್ಕದ ಬಗೆಗಳು

ಎಸ್‌ಎಸ್‌ಡಿಗಳು ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಆಕಾರಗಳಲ್ಲಿ, ಎರಡು ಭಾಷೆಗಳಲ್ಲಿ ಸಿಗುತ್ತವೆ. ಆಕಾರವನ್ನೂ ಭಾಷೆಯನ್ನೂ ಒಂದೆಂದು ತಿಳಿದು ಕೊಂಡಲ್ಲಿ ಮೊದಲ ತಪ್ಪಾಗುತ್ತದೆ.

2.5 ಅಂಗುಲದ ಡ್ರೈವು ಸಾಟಾ ಸಂಪರ್ಕದಲ್ಲಿ ನಡೆಯುತ್ತದೆ. ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಇದು ಕೂರುತ್ತದೆ. ಡೆಸ್ಕ್‌ಟಾಪಿನಲ್ಲಿ ಇದಕ್ಕೆ ಎರಡು ಕೇಬಲ್ ಬೇಕು, ಒಂದು ದತ್ತಾಂಶಕ್ಕೆ, ಇನ್ನೊಂದು ವಿದ್ಯುತ್ತಿಗೆ. ಎರಡರಲ್ಲೊಂದನ್ನು ಮರೆತಿರುವುದು, ಅಥವಾ ಹಳೆಯ ಕೇಬಲ್ ಸಡಿಲವಾಗಿರುವುದು ಅಪರೂಪವೇನಲ್ಲ. ಮೂರನೆಯ ಪೀಳಿಗೆಯ ಸಾಟಾದ ವೇಗ ಸೆಕೆಂಡಿಗೆ 6 ಗಿಗಾಬಿಟ್; ಬಳಕೆಯಲ್ಲಿ ಅದು ಸುಮಾರು 550 ಎಂಬಿ.

ಇನ್ನೊಂದು ಆಕಾರ ಎಂ.2. ಚ್ಯೂಯಿಂಗ್ ಗಮ್ ಪಟ್ಟಿಯಂಥ ಈ ಹಲಗೆಯ ಅಗಲ 22 ಮಿಲಿಮೀಟರ್. ಉದ್ದ 30, 42, 60, 80 ಅಥವಾ 110 ಮಿಲಿಮೀಟರ್ ಇರಬಹುದು. 2280 ಎಂಬ ಅಂಕಿ ಅಗಲ 22, ಉದ್ದ 80 ಎಂಬುದನ್ನೇ ಹೇಳುತ್ತದೆ. ಎಂ.2 ಎನ್ನುವುದು ಕೇವಲ ಆಕಾರದ ಹೆಸರು. ಅದರೊಳಗಿನ ಡ್ರೈವು ಸಾಟಾ ಭಾಷೆಯದಾಗಿರಬಹುದು, ಪಿಸಿಐಇ ಹಾದಿಯಲ್ಲಿ ನಡೆಯುವ ಎನ್‌ವಿಎಂಇ ಭಾಷೆಯದಾಗಿರಬಹುದು. ಸಂಪರ್ಕದ ಅಂಚಿನಲ್ಲಿರುವ ಕಚ್ಚು ಕೆಲಮಟ್ಟಿಗೆ ಗುರುತು ಕೊಡುತ್ತದೆ: ಒಂದೇ ಕಚ್ಚಿನ ಎಂ ಕೀಲಿಯ ಡ್ರೈವುಗಳು ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚುಗಳ ಬಿ ಮತ್ತು ಎಂ ಕೀಲಿಯವು ಹೆಚ್ಚಾಗಿ ಸಾಟಾ. ಕಚ್ಚು ಹೊಂದಿಕೊಂಡು ಡ್ರೈವು ಒಳಗೆ ಕೂತರೂ ಮದರ್‌ಬೋರ್ಡಿನ ಆ ಕಿಂಡಿಗೆ ಒಂದೇ ಭಾಷೆ ಬರುವುದಾದರೆ ಇನ್ನೊಂದು ಬಗೆಯ ಡ್ರೈವು ಅಲ್ಲಿ ಮೂಕವಾಗುತ್ತದೆ. ಕೊಳ್ಳುವ ಮೊದಲು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಕಿಂಡಿಯ ಸಾಲನ್ನು ಓದುವುದು ಇದಕ್ಕಾಗಿಯೇ.

ಕಿಂಡಿಗಳಿಗೂ ಮಿತಿಗಳಿವೆ. ಪ್ರೊಸೆಸರ್ ಮತ್ತು ಚಿಪ್‌ಸೆಟ್ಟಿನಲ್ಲಿ ಪಿಸಿಐಇ ಹಾದಿಗಳ ಸಂಖ್ಯೆ ನಿಗದಿಯಾಗಿರುವುದರಿಂದ ಅನೇಕ ಮದರ್‌ಬೋರ್ಡುಗಳಲ್ಲಿ ಎಂ.2 ಕಿಂಡಿಯೂ ಒಂದೆರಡು ಸಾಟಾ ಪೋರ್ಟುಗಳೂ ಅದೇ ಹಾದಿಗಳನ್ನು ಹಂಚಿಕೊಳ್ಳುತ್ತವೆ. ಎಂ.2 ಡ್ರೈವು ಹಾಕಿದಾಗ ಅದುವರೆಗೆ ಸರಿಯಾಗಿದ್ದ ಹಾರ್ಡ್‌ಡಿಸ್ಕ್ ಮಾಯವಾದರೆ ಅದನ್ನು ಬೇರೆ ಸಾಟಾ ಪೋರ್ಟಿಗೆ ಬದಲಿಸಿ ನೋಡಬೇಕು. ಕೆಲವು ಕಿಂಡಿಗಳು ನೇರವಾಗಿ ಪ್ರೊಸೆಸರಿಗೆ ಸೇರಿರುತ್ತವೆ. ಇಂಟೆಲಿನ 500 ಸರಣಿಯ ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವು 10 ಮತ್ತು 11ನೇ ಪೀಳಿಗೆಯ ಪ್ರೊಸೆಸರುಗಳೆರಡನ್ನೂ ಒಪ್ಪುತ್ತವೆ. ಆದರೆ ಪ್ರೊಸೆಸರಿಗೆ ಸೇರಿದ ಎಂ.2 ಕಿಂಡಿಗೆ ಹಾದಿ ಕೊಡುವುದು 11ನೇ ಪೀಳಿಗೆಯದು ಮಾತ್ರ. 10ನೇ ಪೀಳಿಗೆಯ ಪ್ರೊಸೆಸರ್ ಇಟ್ಟವರಿಗೆ ಆ ಕಿಂಡಿ ಸತ್ತಂತೆಯೇ ಕಾಣುತ್ತದೆ, ಪಕ್ಕದ ಕಿಂಡಿಗೆ ಬದಲಿಸಿದರೆ ಅದೇ ಡ್ರೈವು ಜೀವಂತವಾಗುತ್ತದೆ. ಒಂದೇ ಉದ್ದನೆಯ ಪಿಸಿಐಇ ಕಿಂಡಿಯಲ್ಲಿ ನಾಲ್ಕು ಎಂ.2 ಡ್ರೈವು ಕೂರಿಸುವ ಅಡಾಪ್ಟರ್ ಕಾರ್ಡುಗಳಲ್ಲಿ ಮದರ್‌ಬೋರ್ಡು ಆ ಕಿಂಡಿಯ ಹಾದಿಗಳನ್ನು ವಿಭಜಿಸಿಕೊಡದಿದ್ದರೆ ಮೊದಲನೆಯದು ಮಾತ್ರ ಕಾಣುತ್ತದೆ.

ಅಳವಡಿಕೆಯಲ್ಲಿ ಕೈಯ ತಪ್ಪೂ ಇರಬಹುದು. ಎಂ.2 ಡ್ರೈವನ್ನು ಓರೆಯಾಗಿ ಒಳಗೆ ಪೂರ್ತಿ ನೂಕಿ, ಆಮೇಲೆ ಕೆಳಕ್ಕೆ ಬಗ್ಗಿಸಿ ಸ್ಕ್ರೂ ಹಾಕಬೇಕು. ಸ್ಕ್ರೂ ಕೂರುವ ಪುಟ್ಟ ಕಂಬ ಡ್ರೈವಿನ ಉದ್ದಕ್ಕೆ ತಕ್ಕ ತೂತಿನಲ್ಲಿ ಇರಬೇಕು. ಅದು ಡ್ರೈವಿನ ಹೊಟ್ಟೆಯ ಕೆಳಗೆ ಉಳಿದುಕೊಂಡರೆ ಹಲಗೆ ಮೇಲಕ್ಕೆದ್ದು ಸಂಪರ್ಕ ತಪ್ಪುತ್ತದೆ.

ಫರ್ಮ್‌ವೇರಿನ ಅರಿವು ಮತ್ತು ಆಯ್ಕೆಗಳು

ಎನ್‌ವಿಎಂಇ ವಿಶೇಷಣದ ಮೊದಲ ಆವೃತ್ತಿ ಬಂದದ್ದು 2011ರಲ್ಲಿ. ಅದಕ್ಕಿಂತ ಹಿಂದೆ ತಯಾರಾದ ಮದರ್‌ಬೋರ್ಡಿನ ಫರ್ಮ್‌ವೇರಿಗೆ ಆ ಭಾಷೆಯ ಪರಿಚಯ ಇರಲಾರದು. ಇಂಟೆಲ್ ಯಂತ್ರಗಳಲ್ಲಿ 2014ರ 9 ಸರಣಿಯ ಚಿಪ್‌ಸೆಟ್ಟುಗಳಿಂದ ಈಚೆಗೆ ಎನ್‌ವಿಎಂಇ ಬೂಟ್ ವ್ಯಾಪಕವಾಗಿ ಸಾಧ್ಯವಾಯಿತು, ಅದೂ ಅನೇಕ ಬೋರ್ಡುಗಳಲ್ಲಿ ಫರ್ಮ್‌ವೇರ್ ಪರಿಷ್ಕರಿಸಿದ ಮೇಲೆ. ಅದಕ್ಕೂ ಹಳೆಯ ಯಂತ್ರದಲ್ಲಿ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಹಾಕಿದರೆ ವಿಚಿತ್ರವೊಂದು ಕಾಣುತ್ತದೆ. ಬೇರೆ ಡಿಸ್ಕಿನಿಂದ ಎದ್ದ ವಿಂಡೋಸ್ 10 ಅದನ್ನು ಚೆನ್ನಾಗಿ ಬಳಸುತ್ತದೆ, ಫರ್ಮ್‌ವೇರಿಗೆ ಮಾತ್ರ ಅದು ಕಾಣುವುದೇ ಇಲ್ಲ. ಕರ್ನಲ್ಲಿಗೆ ತನ್ನ ಡ್ರೈವರ್ ಇದೆ, ಫರ್ಮ್‌ವೇರಿಗೆ ಇಲ್ಲ. ಇಂಥಲ್ಲಿ ಬೂಟ್‌ಲೋಡರನ್ನು ಯುಎಸ್‌ಬಿ ಅಥವಾ ಸಾಟಾ ಡ್ರೈವಿನಲ್ಲಿಟ್ಟು, ಉಳಿದ ವ್ಯವಸ್ಥೆಯನ್ನು ಎನ್‌ವಿಎಂಇಯಲ್ಲಿಡುವ ದಾರಿಯಿದೆ. ಸಾಟಾ ಎಸ್‌ಎಸ್‌ಡಿಯನ್ನೇ ಆರಿಸುವುದು ಅದಕ್ಕಿಂತ ನೆಮ್ಮದಿಯದು. ಹಾರ್ಡ್‌ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ದೊರೆಯುವ ವೇಗವೇ ಹಳೆಯ ಯಂತ್ರದ ಬಳಕೆದಾರರಿಗೆ ದೊಡ್ಡ ಬದಲಾವಣೆ.

ಸೆಟಪ್ ಪರದೆಯಲ್ಲಿ ನೋಡಬೇಕಾದ ಆಯ್ಕೆಗಳು ಕೆಲವಿವೆ. ಮೊದಲನೆಯದು ಸಾಟಾ ಅಥವಾ ಎನ್‌ವಿಎಂಇ ಸಾಧನಗಳ ಪುಟ. ಬೂಟ್ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಡ್ರೈವಿನ ಹೆಸರು ಇಲ್ಲಿ ಬಂದರೆ ಸಂಪರ್ಕ ಸರಿಯಿದೆ ಎಂದರ್ಥ. ಎರಡನೆಯದು ಹಳೆಯ ರೀತಿಯ ಬೂಟ್‌ನಲ್ಲಿ ಬರುವ ಒಂದು ಒಳಪಟ್ಟಿ. 1996ರ ಬಯೋಸ್ ಬೂಟ್ ವಿಶೇಷಣವನ್ನು ಅನುಸರಿಸುವ ಅನೇಕ ಫರ್ಮ್‌ವೇರುಗಳು ಮುಖ್ಯ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ವರ್ಗಕ್ಕೆ ಒಂದೇ ಜಾಗ ಕೊಡುತ್ತವೆ. ಎರಡು ಡಿಸ್ಕ್ ಇದ್ದರೆ ಎರಡನೆಯದು ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಎಂಬ ಒಳಪುಟದಲ್ಲಿ ಅಡಗಿರುತ್ತದೆ. ಹೊಸ ಎಸ್‌ಎಸ್‌ಡಿಯನ್ನು ಅಲ್ಲಿ ಮೇಲಕ್ಕೆ ತಂದರೆ ಮುಖ್ಯ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಮೂರನೆಯದು ಸಿಎಸ್‌ಎಂ. ಎಂಬಿಆರ್ ಡಿಸ್ಕಿಗೆ ಅದು ಚಾಲೂ ಇರಬೇಕು, ಜಿಪಿಟಿ ಡಿಸ್ಕಿನ ವಿಂಡೋಸಿಗೆ ಯುಇಎಫ್‌ಐ ಬೂಟ್ ಬೇಕು. ನಾಲ್ಕನೆಯದು ಸೆಕ್ಯೂರ್ ಬೂಟ್. ನಂಬಿಕೆಯ ಸಹಿಯಿಲ್ಲದ ಬೂಟ್‌ಲೋಡರನ್ನು ಅದು ತಡೆಯುತ್ತದೆ.

ಡಿಸ್ಕಿನೊಳಗಿನ ಏರ್ಪಾಡು

ವಿಂಡೋಸಿನ ಒಂದು ನಿಯಮ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ: ಹಳೆಯ ಬಯೋಸ್ ಪದ್ಧತಿಯಲ್ಲಿ ಅದು ಎಂಬಿಆರ್ ಡಿಸ್ಕಿನಿಂದ ಮಾತ್ರ, ಯುಇಎಫ್‌ಐ ಪದ್ಧತಿಯಲ್ಲಿ ಜಿಪಿಟಿ ಡಿಸ್ಕಿನಿಂದ ಮಾತ್ರ ಬೂಟ್ ಆಗುತ್ತದೆ. ಅನುಸ್ಥಾಪನೆಯ ಯುಎಸ್‌ಬಿ ಯಾವ ಪದ್ಧತಿಯಲ್ಲಿ ಎದ್ದಿತೋ ಅದೇ ಪದ್ಧತಿಯಲ್ಲಿ ವಿಂಡೋಸ್ ತನ್ನನ್ನು ಬರೆದುಕೊಳ್ಳುತ್ತದೆ. ಯುಎಸ್‌ಬಿ ಹಳೆಯ ಪದ್ಧತಿಯಲ್ಲಿ ಎದ್ದು ಡಿಸ್ಕ್ ಜಿಪಿಟಿ ಆಗಿದ್ದರೆ, ಈ ಡಿಸ್ಕಿನಲ್ಲಿ ಅನುಸ್ಥಾಪಿಸಲಾಗದು ಎಂಬ ಸಂದೇಶ ಬರುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಯುಎಸ್‌ಬಿ ಎರಡು ಸಲ ಕಾಣಿಸಿಕೊಂಡರೆ ‘ಯುಇಎಫ್‌ಐ’ ಎಂದು ಹೆಸರಿನ ಮುಂದಿರುವುದನ್ನೇ ಆರಿಸಬೇಕು. ಡಿಸ್ಕಿನಲ್ಲಿ ಈಗಾಗಲೇ ವಿಂಡೋಸ್ 10 ಎಂಬಿಆರ್ ರೂಪದಲ್ಲಿದ್ದರೆ, 2017ರ 1703 ಆವೃತ್ತಿಯಿಂದ ಬಂದಿರುವ ‘ಎಂಬಿಆರ್ ಟು ಜಿಪಿಟಿ’ ಎಂಬ ಮೈಕ್ರೋಸಾಫ್ಟಿನದೇ ಉಪಕರಣ ದತ್ತಾಂಶ ಅಳಿಸದೆ ರೂಪ ಬದಲಿಸುತ್ತದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರಾಥಮಿಕ ಪಾರ್ಟಿಷನ್ ಇರಬಾರದು ಎಂಬುದು ಅದರ ಷರತ್ತು. ರೂಪ ಬದಲಾದ ಮೇಲೆ ಸೆಟಪ್ಪಿನಲ್ಲಿ ಬೂಟ್ ಪದ್ಧತಿಯನ್ನೂ ಯುಇಎಫ್‌ಐಗೆ ಬದಲಿಸಬೇಕು.

ಹಲವರನ್ನು ಕಂಗೆಡಿಸುವ ಇನ್ನೊಂದು ಸನ್ನಿವೇಶವಿದೆ. ಹಳೆಯ ಡಿಸ್ಕನ್ನು ಒಳಗೇ ಬಿಟ್ಟು ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಅನುಸ್ಥಾಪಿಸುತ್ತಾರೆ. ಎಲ್ಲ ಸರಿಯಾಗಿ ನಡೆಯುತ್ತದೆ. ಒಂದು ದಿನ ಹಳೆಯ ಡಿಸ್ಕ್ ತೆಗೆದರೆ ಹೊಸದು ಏಳುವುದಿಲ್ಲ. ಕಾರಣ, ಹಳೆಯ ಡಿಸ್ಕಿನಲ್ಲಿ ಮೊದಲೇ ಇದ್ದ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಕಂಡು ಅನುಸ್ಥಾಪಕ ಬೂಟ್‌ಲೋಡರನ್ನು ಅಲ್ಲಿಯೇ ಬರೆದಿತ್ತು. ವಿಂಡೋಸ್ ಒಂದು ಡಿಸ್ಕಿನಲ್ಲಿ, ಅದರ ಹೆಬ್ಬಾಗಿಲು ಇನ್ನೊಂದರಲ್ಲಿ. ಅನುಸ್ಥಾಪನೆಯ ಹೊತ್ತಿಗೆ ಬೇರೆಲ್ಲ ಡಿಸ್ಕುಗಳ ಸಂಪರ್ಕ ತಪ್ಪಿಸುವುದು ಇದಕ್ಕೆ ಮುನ್ನೆಚ್ಚರಿಕೆ. ಆಗಿಹೋದ ಮೇಲೆ, ಅನುಸ್ಥಾಪನೆಯ ಯುಎಸ್‌ಬಿಯ ದುರಸ್ತಿ ವಿಭಾಗದಿಂದ ಕಮಾಂಡ್ ಪರದೆ ತೆರೆದು ಹೊಸ ಡ್ರೈವಿನಲ್ಲೇ ಚಿಕ್ಕ ಇಎಫ್‌ಐ ವಿಭಾಗ ಮಾಡಿ, ‘ಬಿಸಿಡಿಬೂಟ್’ ಎಂಬ ಆದೇಶದಿಂದ ಬೂಟ್ ಕಡತಗಳನ್ನು ಅಲ್ಲಿ ಹೊಸದಾಗಿ ಬರೆಯಬಹುದು.

ವಿಳಾಸವೇ ಕಳೆದುಹೋಗುವುದೂ ಉಂಟು. ಫರ್ಮ್‌ವೇರ್ ಪರಿಷ್ಕರಿಸಿದಾಗ, ಸಿಮಾಸ್ ಬ್ಯಾಟರಿ ತೆಗೆದು ಹಾಕಿದಾಗ, ಡಿಸ್ಕಿನ ಜಾಗ ಬದಲಿಸಿದಾಗ ಕೆಲವು ಯಂತ್ರಗಳಲ್ಲಿ ಬೂಟ್ ದಾಖಲೆ ಅಳಿಯುತ್ತದೆ. ಬೂಟ್‌ಲೋಡರ್ ಡಿಸ್ಕಿನಲ್ಲಿ ಭದ್ರವಾಗಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲ. ಇಂಥ ವೇಳೆಗೆಂದೇ ಯುಇಎಫ್‌ಐಯಲ್ಲಿ ಒಂದು ರೂಢಿಯ ವಿಳಾಸವಿದೆ. ಇಎಫ್‌ಐ ವಿಭಾಗದ ‘ಬೂಟ್’ ಎಂಬ ಕೋಶದಲ್ಲಿ ನಿಗದಿತ ಹೆಸರಿನ ಕಡತ ಇದ್ದರೆ ದಾಖಲೆ ಇಲ್ಲದಿದ್ದರೂ ಬಹುತೇಕ ಫರ್ಮ್‌ವೇರುಗಳು ಅದನ್ನು ಪ್ರಯತ್ನಿಸಿ ನೋಡುತ್ತವೆ. ಯಂತ್ರದಲ್ಲಿ ದಾಖಲೆಯಿಲ್ಲದ ಅನುಸ್ಥಾಪನೆಯ ಯುಎಸ್‌ಬಿ ಬೇರೆಬೇರೆ ಯಂತ್ರಗಳಲ್ಲಿ ಏಳುವುದು ಇದೇ ರೂಢಿಯಿಂದ.

ನಕಲು ಮಾಡಿದ ಡ್ರೈವ್

ಕ್ಲೋನ್ ಎಂದು ಕರೆಯುವ ನಕಲು ಮೂರು ಕಡೆ ಕೈಕೊಡುತ್ತದೆ. ಸಿ ಡ್ರೈವು ಒಂದನ್ನೇ ನಕಲು ಮಾಡಿ ಇಎಫ್‌ಐ ವಿಭಾಗವನ್ನು ಬಿಟ್ಟರೆ ಕಡತಗಳೆಲ್ಲ ಬಂದಿದ್ದರೂ ಬೂಟ್ ಆಗದು. ಇಡೀ ಡಿಸ್ಕಿನ ನಕಲೇ ಬೇಕು. ನಕಲು ಮುಗಿದ ಮೇಲೆ ಎರಡೂ ಡಿಸ್ಕನ್ನು ಯಂತ್ರದೊಳಗೇ ಇಟ್ಟು ಚಾಲೂ ಮಾಡಿದರೆ, ಎರಡರ ಗುರುತಿನ ಅಂಕಿಯೂ ಒಂದೇ ಆಗಿರುವುದರಿಂದ ಗೊಂದಲವಾಗುತ್ತದೆ. ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು, ಅಥವಾ ಹೊಸದರಿಂದ ಎದ್ದೆವೆಂದು ಭಾವಿಸಿದವರು ಹಳೆಯದರಲ್ಲೇ ಕೆಲಸ ಮಾಡುತ್ತಿರಬಹುದು. ಆದ್ದರಿಂದ ನಕಲಿನ ನಂತರದ ಮೊದಲ ಬೂಟ್ ಹೊಸ ಡ್ರೈವು ಒಂದರಿಂದಲೇ ಆಗಬೇಕು. ಮೂರನೆಯ ತೊಡಕು ಕೆಲವು ಯುಎಸ್‌ಬಿ ಪೆಟ್ಟಿಗೆಗಳದು. ಒಳಗಿನ ಡ್ರೈವಿನ ಸೆಕ್ಟರ್ 512 ಬೈಟಿನದಾದರೂ ಅವು ಅದನ್ನು 4096 ಬೈಟ್ ಎಂದು ತೋರಿಸುತ್ತವೆ. ಅಂಥ ಪೆಟ್ಟಿಗೆಯಲ್ಲಿಟ್ಟು ನಕಲು ಮಾಡಿದ ಡ್ರೈವನ್ನು ಹೊರತೆಗೆದು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿದಾಗ ಪಾರ್ಟಿಷನ್ ಪಟ್ಟಿಯ ಲೆಕ್ಕವೇ ತಪ್ಪಿ, ಡ್ರೈವು ಖಾಲಿಯಂತೆ ಕಾಣುತ್ತದೆ.

ಡ್ರೈವರಿನ ಕೊರತೆ

ಬೂಟ್‌ಲೋಡರ್ ನಡೆದು ವಿಂಡೋಸಿನ ಚಿಹ್ನೆ ಬಂದು, ಬಳಿಕ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಂತರೆ ಮೊದಲ ಮೂರು ಹಂತಗಳು ದಾಟಿವೆ ಎಂದೇ ತಿಳಿಯಬೇಕು. ಕರ್ನಲ್ಲಿಗೆ ಡಿಸ್ಕ್ ತೆರೆಯುವ ಡ್ರೈವರ್ ಆ ಗಳಿಗೆಯಲ್ಲಿ ಸಿಗಲಿಲ್ಲ. ಸಾಟಾ ನಿಯಂತ್ರಕದ ಕ್ರಮವನ್ನು ಎಎಚ್‌ಸಿಐನಿಂದ ರೈಡ್‌ಗೆ ಅಥವಾ ಅಲ್ಲಿಂದ ಇಲ್ಲಿಗೆ ಬದಲಿಸಿದಾಗ, ಸಾಟಾ ಡಿಸ್ಕಿನ ನಕಲನ್ನು ಎನ್‌ವಿಎಂಇಗೆ ತಂದಾಗ ಹೀಗಾಗಬಹುದು. ಬದಲಾವಣೆಯ ನಂತರದ ಮೊದಲ ಬೂಟನ್ನು ಸೇಫ್ ಮೋಡ್‌ನಲ್ಲಿ ಮಾಡಿದರೆ ವಿಂಡೋಸ್ ತನ್ನಲ್ಲಿರುವ ಸಂಗ್ರಹ ಡ್ರೈವರುಗಳನ್ನು ಮತ್ತೆ ಹೊಂದಿಸಿಕೊಳ್ಳುತ್ತದೆ. 2009ರ ವಿಂಡೋಸ್ 7ರಲ್ಲಿ ಎನ್‌ವಿಎಂಇ ಡ್ರೈವರ್ ಇರಲೇ ಇಲ್ಲ, ಮೈಕ್ರೋಸಾಫ್ಟ್ ಆಮೇಲೆ ಪ್ರತ್ಯೇಕ ಪರಿಷ್ಕರಣೆಯ ರೂಪದಲ್ಲಿ ಕೊಟ್ಟಿತು. ವಿಂಡೋಸ್ 8.1ರಿಂದ ಅದು ಒಳಗೇ ಇದೆ.

ಹೊಸ ಲ್ಯಾಪ್‌ಟಾಪುಗಳಲ್ಲಿ ಇದೇ ಕೊರತೆ ಅನುಸ್ಥಾಪನೆಯ ಹೊತ್ತಿಗೇ ಕಾಣುತ್ತದೆ. 2020ರಲ್ಲಿ ಬಂದ ಇಂಟೆಲ್ 11ನೇ ಪೀಳಿಗೆಯ ಲ್ಯಾಪ್‌ಟಾಪುಗಳಿಂದ ವಿಎಂಡಿ ಎಂಬ ನಿಯಂತ್ರಕ ಸಾಮಾನ್ಯವಾಯಿತು. ಅದು ಎನ್‌ವಿಎಂಇ ಡ್ರೈವುಗಳನ್ನು ತನ್ನ ಹಿಂದೆ ಇಟ್ಟುಕೊಳ್ಳುತ್ತದೆ. ಸೆಟಪ್ಪಿನಲ್ಲಿ ಡ್ರೈವಿನ ಹೆಸರು ಸ್ಪಷ್ಟವಾಗಿದ್ದರೂ ವಿಂಡೋಸ್ ಅನುಸ್ಥಾಪಕ ‘ಯಾವ ಡ್ರೈವೂ ಸಿಗಲಿಲ್ಲ’ ಎನ್ನುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ ಯುಎಸ್‌ಬಿಯಲ್ಲಿಟ್ಟು, ‘ಲೋಡ್ ಡ್ರೈವರ್’ ಗುಂಡಿಯಿಂದ ಅದನ್ನು ತೋರಿಸಿದರೆ ಡ್ರೈವು ಕಾಣುತ್ತದೆ. ಸೆಟಪ್ಪಿನಲ್ಲಿ ವಿಎಂಡಿಯನ್ನು ನಿಲ್ಲಿಸುವುದು ಇನ್ನೊಂದು ದಾರಿ. ಆದರೆ ಆಗಲೇ ವಿಂಡೋಸ್ ನಡೆಯುತ್ತಿರುವ ಯಂತ್ರದಲ್ಲಿ ಅದನ್ನು ನಿಲ್ಲಿಸಿದರೆ ಅದೇ ನೀಲಿ ಪರದೆ ಮರುಕಳಿಸೀತು.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸಿನಲ್ಲಿ ಸರಪಣಿ ಅದೇ, ಬೂಟ್‌ಲೋಡರ್ ಸಾಮಾನ್ಯವಾಗಿ ಗ್ರಬ್. ಲೈವ್ ಯುಎಸ್‌ಬಿಯಿಂದ ಎದ್ದು ‘ಇಎಫ್‌ಐಬೂಟ್‌ಎಂಜಿಆರ್’ ಎಂಬ ಆದೇಶ ನೀಡಿದರೆ ಫರ್ಮ್‌ವೇರಿನ ಬೂಟ್ ವಿಳಾಸಗಳ ಪಟ್ಟಿ ಅಕ್ಷರಶಃ ಕಣ್ಣ ಮುಂದೆ ಬರುತ್ತದೆ. ಹೊಸ ವಿಳಾಸ ಸೇರಿಸುವುದೂ ಕ್ರಮ ಬದಲಿಸುವುದೂ ಅದರಿಂದಲೇ ಸಾಧ್ಯ. ವಿಭಾಗಗಳನ್ನು ಹೊಸದಾಗಿ ಮಾಡಿ ಕಡತಗಳನ್ನು ಮಾತ್ರ ಸಾಗಿಸಿದಾಗ ವಿಭಾಗಗಳ ಗುರುತಿನ ಅಂಕಿ ಬದಲಾಗಿರುತ್ತದೆ. ‘ಎಫ್‌ಎಸ್‌ಟ್ಯಾಬ್’ ಕಡತದಲ್ಲೂ ಗ್ರಬ್‌ನಲ್ಲೂ ಹಳೆಯ ಅಂಕಿ ಉಳಿದಿದ್ದರೆ ಬೂಟ್ ಅರ್ಧದಲ್ಲಿ ನಿಲ್ಲುತ್ತದೆ. ವಿಂಡೋಸಿನಂತಲ್ಲದೆ, ಹಳೆಯ ಬಯೋಸ್ ಯಂತ್ರದಲ್ಲೂ ಜಿಪಿಟಿ ಡಿಸ್ಕಿನಿಂದ ಲಿನಕ್ಸ್ ಏಳಬಲ್ಲದು. ಗ್ರಬ್‌ಗಾಗಿ ಪುಟ್ಟ ಬಯೋಸ್ ಬೂಟ್ ಪಾರ್ಟಿಷನ್ ಮಾಡಿಟ್ಟರೆ ಸಾಕು.

2013ರ ನಂತರದ ಕೆಲವು ಮ್ಯಾಕ್‌ಬುಕ್‌ಗಳಲ್ಲಿ ಅಡಾಪ್ಟರ್ ಬಳಸಿ ಸಾಮಾನ್ಯ ಎನ್‌ವಿಎಂಇ ಡ್ರೈವು ಹಾಕುವವರಿದ್ದಾರೆ. 2017ರ ಮ್ಯಾಕ್‌ಒಎಸ್ ಹೈ ಸಿಯೆರಾ ಜೊತೆ ಬಂದ ಫರ್ಮ್‌ವೇರ್ ಇದ್ದರಷ್ಟೇ ಅದು ಕಾಣುತ್ತದೆ. ಆದ್ದರಿಂದ ಹಳೆಯ ಡ್ರೈವು ಒಳಗಿರುವಾಗಲೇ ಪರಿಷ್ಕರಣೆ ಮುಗಿಸಬೇಕು. ಟಿ2 ಎಂಬ ಭದ್ರತಾ ಚಿಪ್ಪಿರುವ ಮ್ಯಾಕ್‌ಗಳು ಹೊರಗಿನ ಡ್ರೈವಿನಿಂದ ಬೂಟ್ ಆಗುವುದನ್ನು ಮೂಲತಃ ತಡೆದಿರುತ್ತವೆ. ಸ್ಟಾರ್ಟಪ್ ಸೆಕ್ಯೂರಿಟಿ ಯುಟಿಲಿಟಿಯಲ್ಲಿ ಅನುಮತಿ ಕೊಡಬೇಕಾಗುತ್ತದೆ.

ಪತ್ತೆಯ ಕ್ರಮ

ಸರಪಣಿಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದು ಕೊಂಡಿಯಾಗಿ ನೋಡುತ್ತ ಹೋಗುವುದು ಪತ್ತೆಯ ಸರಿಯಾದ ಕ್ರಮ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಬದಲಿಸುವ ಮೊದಲು ಸೆಟಪ್ ಪರದೆಯ ಚಿತ್ರ ತೆಗೆದಿಟ್ಟುಕೊಂಡರೆ ಹಿಂದಿರುಗುವ ದಾರಿ ಉಳಿಯುತ್ತದೆ.

1. ಸೆಟಪ್ಪಿನ ಸಾಧನಗಳ ಪುಟದಲ್ಲಿ ಡ್ರೈವಿನ ಹೆಸರಿಲ್ಲದಿದ್ದರೆ ದೋಷ ಸಂಪರ್ಕದ್ದು, ಕಿಂಡಿಯದು ಅಥವಾ ಹೊಂದಾಣಿಕೆಯದು. ಯಂತ್ರ ಆರಿಸಿ, ವಿದ್ಯುತ್ ತಪ್ಪಿಸಿ, ಡ್ರೈವನ್ನು ಕಳಚಿ ಮತ್ತೆ ಕೂರಿಸಬೇಕು. ಬೇರೆ ಕೇಬಲ್, ಬೇರೆ ಕಿಂಡಿ, ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು. ಹೊಂದುವ ಇನ್ನೊಂದು ಯಂತ್ರದಲ್ಲೂ ಕಾಣದಿದ್ದರೆ ಮಾತ್ರ ಡ್ರೈವು ಕೆಟ್ಟಿದೆ ಎನ್ನಲು ಆಧಾರ ಸಿಗುತ್ತದೆ.

2. ಸಾಧನಗಳ ಪುಟದಲ್ಲಿದ್ದು ಬೂಟ್ ಪಟ್ಟಿಯಲ್ಲಿ ಇಲ್ಲದಿದ್ದರೆ, ಡ್ರೈವಿನಲ್ಲಿ ಏನಾದರೂ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಖಾಲಿಯಿದ್ದರೆ ಅನುಸ್ಥಾಪನೆಗೆ ಮುಂದುವರಿಯಬೇಕು. ಖಾಲಿಯಿಲ್ಲದಿದ್ದರೆ ಡಿಸ್ಕಿನ ರೂಪವೂ ಫರ್ಮ್‌ವೇರಿನ ಬೂಟ್ ಪದ್ಧತಿಯೂ ಹೊಂದುತ್ತವೆಯೇ, ಇಎಫ್‌ಐ ವಿಭಾಗ ಅದೇ ಡಿಸ್ಕಿನಲ್ಲಿದೆಯೇ ಎಂದು ನೋಡಬೇಕು.

3. ಬೂಟ್ ಪಟ್ಟಿಯಲ್ಲಿದ್ದೂ ಏಳದಿದ್ದರೆ ಬೂಟ್‌ಲೋಡರಿನ ದುರಸ್ತಿ ಅಗತ್ಯ.

4. ಚಿಹ್ನೆ ಬಂದು ನೀಲಿ ಪರದೆಯಾದರೆ ಡ್ರೈವರ್ ಅಥವಾ ನಿಯಂತ್ರಕದ ಕ್ರಮದತ್ತ ತಿರುಗಬೇಕು.

5. ವಿಂಡೋಸಿನೊಳಗೆ ಎರಡನೆಯ ಡ್ರೈವಾಗಿ ಹಾಕಿದ ಎಸ್‌ಎಸ್‌ಡಿ ‘ದಿಸ್ ಪಿಸಿ’ಯಲ್ಲಿ ಕಾಣದಿದ್ದರೆ ಅದು ಬೂಟ್ ದೋಷವಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಹೊಸ ಡಿಸ್ಕನ್ನು ಜಿಪಿಟಿ ಆಗಿ ಇನಿಷಿಯಲೈಸ್ ಮಾಡಿ, ವಿಭಾಗ ರಚಿಸಿ, ಅಕ್ಷರ ಕೊಡಬೇಕು.

ದತ್ತಾಂಶದ ಕಾವಲು

ಈ ಕೆಲಸದಲ್ಲಿ ಕಳೆದುಹೋಗಬಹುದಾದ ನಿಜವಾದ ಸೊತ್ತು ಹಳೆಯ ಡಿಸ್ಕಿನೊಳಗಿನ ಚಿತ್ರಗಳು, ಲೆಕ್ಕಪತ್ರ, ಬರಹಗಳು. ಡ್ರೈವನ್ನು ಮತ್ತೆ ಕೊಳ್ಳಬಹುದು, ಅವನ್ನಲ್ಲ. ಇನಿಷಿಯಲೈಸ್ ಮಾಡುವ ಮುನ್ನ, ವಿಭಾಗ ಅಳಿಸುವ ಮುನ್ನ, ನಕಲಿನ ಮೂಲ ಯಾವುದು ಗುರಿ ಯಾವುದು ಎಂದು ಒತ್ತುವ ಮುನ್ನ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಎರಡು ಸಲ ಓದಬೇಕು. ಎಸ್‌ಎಸ್‌ಡಿಯಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶದ ಮೂಲಕ ಆಪರೇಟಿಂಗ್ ಸಿಸ್ಟಂ ಡ್ರೈವಿಗೆ ತಿಳಿಸುತ್ತದೆ, ಡ್ರೈವು ಅದನ್ನು ಒಳಗಿಂದೊಳಗೇ ತೆರವು ಮಾಡುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಅಳಿದ ಕಡತಗಳನ್ನು ಮರಳಿ ಪಡೆಯಲು ಇದ್ದ ಅವಕಾಶ ಇಲ್ಲಿ ಬಹಳ ಕಡಿಮೆ.

ವಿಂಡೋಸಿನ ಗೂಢಲಿಪೀಕರಣ ಸೌಲಭ್ಯವಾದ ಬಿಟ್‌ಲಾಕರ್ ಚಾಲೂ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್, ಟಿಪಿಎಂ ಅಥವಾ ಫರ್ಮ್‌ವೇರನ್ನು ಮುಟ್ಟಿದರೆ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೇಳಬಹುದು. ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಗೂಢಲಿಪೀಕರಣ ಬಳಕೆದಾರರಿಗೆ ಅರಿವಿಲ್ಲದೆಯೇ ಚಾಲೂ ಆಗಿರುತ್ತದೆ. ಕೀಲಿ ಇಲ್ಲದಿದ್ದರೆ ದತ್ತಾಂಶ ಕಣ್ಣೆದುರಿಗಿದ್ದೂ ಸಿಗುವುದಿಲ್ಲ. ಆದ್ದರಿಂದ ಕೆಲಸ ಶುರುಮಾಡುವ ಮೊದಲು ಕೀಲಿಯನ್ನು ಬರೆದಿಟ್ಟುಕೊಂಡು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಹಳೆಯ ಡಿಸ್ಕನ್ನು ಕೂಡಲೇ ಅಳಿಸದೆ, ಹೊಸದರಿಂದ ಕೆಲವು ದಿನ ಯಂತ್ರ ಸರಾಗವಾಗಿ ಎದ್ದ ಮೇಲೆ ಅದರ ವಿಷಯ ಯೋಚಿಸುವುದು ಒಳ್ಳೆಯ ರೂಢಿ.

ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿ ಇನ್ನಷ್ಟು ವರ್ಷ ಬಳಸುವುದು ಭಾರತದಲ್ಲಿ ಮನೆ, ಶಾಲೆ, ಚಿಕ್ಕ ಕಚೇರಿಗಳೆಲ್ಲೆಡೆ ನಡೆಯುವ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆ ಎಂದೇ ಹೆಸರಾದ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಗೆ ಬಿಡಿಭಾಗಕ್ಕಾಗಿ ಹೋಗುವವರಲ್ಲಿ ಇಂಥವರೂ ಇರುತ್ತಾರೆ. ಹೊಸ ಡ್ರೈವು ಪಟ್ಟಿಯಲ್ಲಿ ಕಾಣದಿದ್ದಾಗ ಅವರು ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಯಂತ್ರಕ್ಕೆ ಡ್ರೈವು ಕಾಣುತ್ತಿಲ್ಲವೇ, ಅಥವಾ ಡ್ರೈವಿನಲ್ಲಿ ಬೂಟ್ ಮಾಡಲು ಬೇಕಾದುದು ಕಾಣುತ್ತಿಲ್ಲವೇ? ಉತ್ತರ ಸಾಧನಗಳ ಪುಟದಲ್ಲಿ ಒಂದೇ ನಿಮಿಷದಲ್ಲಿ ಸಿಗುತ್ತದೆ. ಅದು ತಿಳಿದವರು ಒಳ್ಳೆಯ ಡ್ರೈವನ್ನು ಕೆಟ್ಟದ್ದೆಂದು ಹಿಂದಿರುಗಿಸುವುದಿಲ್ಲ, ಉಳಿಸಿಕೊಳ್ಳಬೇಕಾದ ಕಡತಗಳನ್ನು ಅವಸರದಲ್ಲಿ ಅಳಿಸುವುದೂ ಇಲ್ಲ.